ಟೀಚರ್ ಇಲ್ಲವೆಂಬ ದೂರಿನ ವಿಚಾರಣೆ

ಸರ್ಕಾರಿ ಶಾಲೆಯ ಗಣಿತದ ಟೀಚರ್ ಹೆಚ್ಚುವರಿ ಎಂಬ ಅಂಶ ಶಿಕ್ಷಣ ಇಲಾಖೆಯ ಗಮನಕ್ಕೆ ಬಂದಿತು. ಖರ್ಚು ಕಡಿತದ ಸಲುವಾಗಿ ಮಕ್ಕಳ ಸಂಖ್ಯೆಯನ್ನು ಬೆಂಚುಗಳ ಸಂಖ್ಯೆಯಿಂದ ಭಾಗಿಸಿ, ಬಂದದ್ದರಲ್ಲಿ ಒಡೆದ ಕಿಟಕಿಗಳನ್ನು ಕಳೆದಾಗ ಟೀಚರ್ ಶೇಷವಾಗಿ ಉಳಿದರು. ಶೇಷವನ್ನು ಶಾಲೆಯಲ್ಲಿ ಇಟ್ಟುಕೊಳ್ಳಲು ನಿಯಮದಲ್ಲಿ ಅವಕಾಶವಿರಲಿಲ್ಲ. ಆದಕಾರಣ ಅವರನ್ನು ಇಲಾಖೆಯ ಕಚೇರಿಗೆ ವರ್ಗಾಯಿಸಲಾಯಿತು. ಸಂಬಳ ಅಷ್ಟೇ ಇದ್ದರೂ ಬೇರೆ ತಲೆಬರಹದಡಿ ಹೋಗುತ್ತಿದ್ದುದರಿಂದ ಅದನ್ನು ಉಳಿತಾಯವೆಂದು ಪರಿಗಣಿಸಲಾಯಿತು. ಶಾಲೆಯಲ್ಲಿ ಗಣಿತದ ಟೀಚರ್ ಇಲ್ಲವೆಂದು ಪೋಷಕರು ತರುವ ದೂರುಗಳನ್ನು ಸ್ವೀಕರಿಸುವ ಕೆಲಸ ಅವರಿಗೆ ಬಂತು.

ಮೊದಲು ಬಂದವಳು ಟೈಲರಮ್ಮ. ನಾಲ್ಕನೇ ಕ್ಲಾಸಿನ ಅವಳ ಮಗಳು ಭಾಗಾಕಾರದ ಅರ್ಧ ದಾರಿಯಲ್ಲಿ ನಿಂತಿದ್ದಳು. ಟೀಚರ್ ಹೋದ ಮೇಲೆ ಗಣಿತದ ಪಿರಿಯಡ್‌ನಲ್ಲಿ ಕೈಕಟ್ಟಿ ಕೂರುವುದನ್ನು ಕಲಿಸಲಾಗುತ್ತಿತ್ತು. ಹುಡುಗಿ ಅದರಲ್ಲಿ ತರಗತಿಗೇ ಮೊದಲಾಗಿದ್ದಳು. ತಾಯಿಗೆ ಇದು ಸಹಿಸಲಾಗಲಿಲ್ಲ. ಅಂಗಡಿಗೆ ಬೀಗ ಹಾಕಿ, ಮಗಳ ಕೈ ಹಿಡಿದು ಕಚೇರಿಗೆ ನುಗ್ಗಿದಳು.

"ಅಯ್ಯೋ ಟೀಚರೇ, ನೀವಾ? ಇಲ್ಲೇನ್ ಮಾಡ್ತಿದೀರಿ?"

"ನಾನು ಶಾಲೇಲಿ ಇಲ್ಲ ಅನ್ನೋ ದೂರು ತಗೋತಿದೀನಿ. ಕೂತ್ಕೊಳ್ಳಿ."

"ಇಲ್ಲೇ ಇದೀರಲ್ಲ!"

"ಅದಕ್ಕೇ ಅಲ್ಲಿಲ್ಲ. ಬರೀ ಬಾಯಿಮಾತಿನ ದೂರು ನಡಿಯಲ್ಲಮ್ಮ, ಆಧಾರ ಬೇಕು. ಮಗೂಗೆ ಲೆಕ್ಕ ಬರಲ್ಲ ಅಂತ ನೋಡಬೇಕು."

ಟೀಚರ್ ಒಂದು ಭಾಗಾಕಾರ ಕೊಟ್ಟರು. ಹುಡುಗಿ ತಪ್ಪು ಮಾಡಿದಳು. ಆಧಾರ ಸಿಕ್ಕಿತ್ತು, ಆದರೆ ತಪ್ಪು ಲೆಕ್ಕ ಕಣ್ಣೆದುರೇ ಬಿದ್ದಿರುವಾಗ ಟೀಚರ್ ಕೈ ಸುಮ್ಮನಿರಲಿಲ್ಲ. ತಿದ್ದಿದರು, ವಿವರಿಸಿದರು, ಇನ್ನೊಂದು ಕೊಟ್ಟರು. ಹುಡುಗಿ ಸರಿಯಾಗಿ ಮಾಡಿ ತೋರಿಸಿದಳು. ಅಲ್ಲಿಗೆ ಆಧಾರ ಬಿದ್ದುಹೋಯಿತು.

"ಇವತ್ತಿನ ವಿಚಾರಣೆ ಮುಂದಕ್ಕೆ ಹೋಯ್ತು," ಎಂದರು ಟೀಚರ್. "ನಾಳೆ ಬನ್ನಿ. ಇವಳಿಗೆ ಬರದೇ ಇರೋದು ಇನ್ನೂ ಬೇಕಾದಷ್ಟಿದೆ."

ಮರುದಿನ ಟೈಲರಮ್ಮ ಪಕ್ಕದಂಗಡಿಯ ಕ್ಷೌರಿಕನನ್ನೂ ಅವನ ಅವಳಿ ಮಕ್ಕಳನ್ನೂ ಕರೆತಂದಳು. ಕೆಲವೇ ದಿನಗಳಲ್ಲಿ ಕಚೇರಿಯ ಪಡಸಾಲೆ ದೂರುದಾರರಿಂದ ತುಂಬಿತು. ಗದ್ದಲಕ್ಕೆ ನಿದ್ದೆಗೆಟ್ಟ ಸಾಹೇಬರು ತಮ್ಮ ಕೋಣೆಯಿಂದ ಹೊರಬಂದರು.

"ಏನ್ರೀ ಇದು, ಕಚೇರಿನಾ ಸಂತೆನಾ?"

"ಮೌಖಿಕ ವಿಚಾರಣೆ ಸಾರ್. ಹದಿಮೂರರ ಮಗ್ಗಿ."

ಮೌಖಿಕ ವಿಚಾರಣೆಯನ್ನು ತಡೆಯುವ ಅಧಿಕಾರ ಸಾಹೇಬರಿಗಿರಲಿಲ್ಲ. ವ್ಯವಸ್ಥೆ ಮಾಡುವ ಅಧಿಕಾರವಿತ್ತು. ಸಂಜೆಯೊಳಗೆ ಪ್ರಕಟಣೆ ಹೊರಬಿತ್ತು: ದೂರುದಾರರು ಸಮವಸ್ತ್ರದಲ್ಲಿ ಬರತಕ್ಕದ್ದು. ತಡವಾಗಿ ಬಂದ ದೂರುದಾರರು ಬಾಗಿಲ ಹೊರಗೆ ನಿಲ್ಲತಕ್ಕದ್ದು. ಪಕ್ಕದ ದೂರುದಾರನ ಸ್ಲೇಟು ನೋಡಿ ಬರೆಯಕೂಡದು.

ದೂರುದಾರರು ಕೂರಲೆಂದು ಶಾಲೆಯ ಬೆಂಚುಗಳನ್ನೆಲ್ಲ ಕಚೇರಿಗೆ ತರಿಸಿ, ಇತ್ತ ಖಾಲಿಯಾದ ಶಾಲೆಗೆ ಕಚೇರಿಯ ಮುರಿದ ಕುರ್ಚಿಗಳನ್ನು ಸಾಗಿಸಲಾಯಿತು. ಕುರ್ಚಿಗಳು ನೆನೆಯಬಾರದೆಂದು ಮಾಡಿನ ಹೆಂಚು ಬದಲಾಯಿಸಿ, ಕಿಟಕಿಗಳಿಗೆ ಗಾಜು ಹಾಕಿಸಿ, ಕುರ್ಚಿಗಳ ಮೇಲ್ವಿಚಾರಣೆಗೆ ಇಬ್ಬರನ್ನು ನೇಮಿಸಲಾಯಿತು.

ಎಲ್ಲವೂ ಸುಸೂತ್ರವಾಗಿ ನಡೆಯುತ್ತಿರುವಾಗ ಮೇಲಿನಿಂದ ಆಘಾತಕಾರಿ ಆದೇಶ ಬಂದಿತು: ದೂರನ್ನು ಕೂಡಲೇ ಬಗೆಹರಿಸಿ, ಟೀಚರನ್ನು ಶಾಲೆಗೆ ಮರಳಿಸಿ.

ಟೈಲರಮ್ಮ ಟೀಚರ್ ಮೇಜಿಗೆ ಧಾವಿಸಿದಳು. "ಹೋದ್ರೆ ಏನಾಗುತ್ತೆ ಟೀಚರೇ?"

"ಕಿಟಕಿ ಸರಿಯಾಗಿದ್ರೂ ಬೆಂಚುಗಳೆಲ್ಲ ಇಲ್ಲಿವೆಯಲ್ಲಮ್ಮ. ಮಕ್ಕಳನ್ನ ಸೊನ್ನೆಯಿಂದ ಭಾಗಿಸೋಕೆ ಹೊರಟರೆ ಶಾಲೆಯನ್ನೇ ಮುಚ್ತಾರೆ. ನನ್ನನ್ನ ಮೀನುಗಾರಿಕೆ ಇಲಾಖೆಗೆ ಹಾಕ್ತಾರಂತೆ."

ಹುಡುಗಿ ಅಳಲು ಶುರುವಿಟ್ಟಳು. ಅವಳು ಈಗಷ್ಟೇ ದಶಮಾಂಶಕ್ಕೆ ಕಾಲಿಟ್ಟಿದ್ದಳು. ಟೈಲರಮ್ಮ ಸೆರಗು ಸಿಕ್ಕಿಸಿ, ಕ್ಷೌರಿಕನನ್ನೂ ಉಳಿದ ಪೋಷಕರನ್ನೂ ಬೆನ್ನಿಗೆ ಹಾಕಿಕೊಂಡು, ಸಾಹೇಬರ ಮೇಜಿನ ಮುಂದೆ ನಿಂತಳು.

"ಸಾರ್, ನಿಮ್ಮ ದಮ್ಮಯ್ಯ, ನಮ್ಮ ದೂರು ಬಗೆಹರಿಸಬೇಡಿ!"

ಸಾರ್ವಜನಿಕರು ಸಾಹೇಬರ ಕೈಲಾಗುವಂಥದ್ದನ್ನು ಕೇಳಿದ್ದು ಅವರ ಸೇವಾವಧಿಯಲ್ಲಿ ಇದೇ ಮೊದಲು.

"ಅಮ್ಮಾ," ಎಂದು ಎದ್ದು ನಿಂತರು. "ಈ ಕುರ್ಚೀಲಿ ನಾನಿರೋವರೆಗೂ ನಿಮ್ಮ ದೂರಿಗೆ ಏನೂ ಆಗಲ್ಲ. ಮಗೂನ ನೆಮ್ಮದಿಯಾಗಿ ಓದಿಸಿ."

ಪಡಸಾಲೆ ಚಪ್ಪಾಳೆಯಿಂದ ತುಂಬಿತು. ಕ್ಷೌರಿಕ ಕಣ್ಣೊರೆಸಿಕೊಂಡ. ಮುಂದಿನ ವರ್ಷದ ದೂರುಗಳಿಗೆ ಪ್ರವೇಶ ಆರಂಭವಾಗಿದೆ ಎಂಬ ಫಲಕ ಬಾಗಿಲಿಗೆ ಬಿದ್ದಾಗ, ಬೆಳಗಾಗುವುದರೊಳಗೆ ಸಾಲು ಬೀದಿಯ ತಿರುವು ದಾಟಿತ್ತು. ಎಲ್ಲರಿಗಿಂತ ಮುಂದೆ, ಖಾಸಗಿ ಶಾಲೆ ಬಿಡಿಸಿದ ಮೊಮ್ಮಗಳನ್ನು ಕಂಕುಳಲ್ಲೆತ್ತಿಕೊಂಡು, ಸಾಹೇಬರು ನಿಂತಿದ್ದರು.