ಸೊನ್ನೆ ಮೊಟ್ಟೆಯ ವರದಿ

ಇಷ್ಟಕ್ಕೆಲ್ಲ ಕಾರಣ ಬರಿಗಣ್ಣಿಗೆ ಕಾಣದ ಮೊಟ್ಟೆಗಳು. ಸವಾರಿ ಶಾಲೆಯ ಮುದಿ ಹೆಣ್ಣುಕುದುರೆ ಬೂದಿಯ ಲದ್ದಿಯಲ್ಲಿ ಗ್ರಾಮಿಗೆ ಸಾವಿರದ ಇನ್ನೂರು ಹುಳುಮೊಟ್ಟೆ ಸಿಕ್ಕಿದ್ದವು. ಔಷಧಿ ಕೊಟ್ಟ ಮೇಲೂ ಅಷ್ಟೇ ಸಿಕ್ಕವು. ಔಷಧಿ ಸೋತಿತು ಎಂದು ಯಾರೂ ಹೇಳಲಿಲ್ಲ. ಔಷಧಿ ಆರಿಸಿದವರು ಮ್ಯಾನೇಜರು, ಕುದುರೆಯ ಬಾಯಿಗೆ ಹಾಕಿದವನು ಲಾಯದ ಆಳು ಉಸ್ಸಪ್ಪ. ಸೋಲುವ ಸರದಿ ಯಾವಾಗಲೂ ಕೆಳಗಿನವನದೇ.

ಉಸ್ಸಪ್ಪ ಅವನ ಹೆಸರಲ್ಲ. ಇಪ್ಪತ್ತೆರಡು ವರ್ಷ ಲದ್ದಿ ಬಾಚಿ, ಬುಟ್ಟಿಗೊಂದು ಸಲ “ಉಸ್ಸಪ್ಪಾ” ಎಂದು ಸೊಂಟ ನೀವಿಕೊಂಡಿದ್ದಕ್ಕೆ ಸಿಕ್ಕ ಬಡ್ತಿ.

“ಔಷಧಿ ಹೊರಗೆ ಮಾರ್ಕೊಂಡಿದ್ದೀಯ,” ಎಂದಿದ್ದರು ಮ್ಯಾನೇಜರು. ಹತ್ತು ವರ್ಷದಿಂದ ಒಂದು ಟ್ಯೂಬನ್ನು ಎರಡು ಕುದುರೆಗೆ ಹಂಚಿಸುತ್ತ ಬಂದವರೂ ಅವರೇ. ಅರೆಹೊಟ್ಟೆ ಔಷಧಿ ಕುಡಿದು ಹುಳುಗಳು ಗರಡಿಯಾಳುಗಳಂತೆ ಗಟ್ಟಿಯಾಗಿದ್ದವು. ಹದಿನಾಲ್ಕು ದಿನದ ಹಿಂದೆ ಅವರೇ ಅಂಗಿಯ ತೋಳು ಮಡಚಿ ಬೂದಿಯ ಬಾಯಿಗೆ ಇಡೀ ಟ್ಯೂಬ್ ಹಿಂಡಿದ್ದರು. ಇವತ್ತು ಅದರ ಪರೀಕ್ಷೆ, ಅದಕ್ಕೆಂದೇ ಕುದುರೆ ಡಾಕ್ಟರು ಆಫೀಸಿಗೆ ಬಂದಿದ್ದರು.

“ಮೊಟ್ಟೆ ಸಿಗಲಿಲ್ಲ ಅಂದ್ರೆ ಔಷಧಿ ಸರಿ, ನೀನು ಕಳ್ಳ. ಗೇಟು ಅಲ್ಲಿದೆ,” ಎಂದರು ಬೆಳಿಗ್ಗೆ ಎಲ್ಲರ ಮುಂದೆ. “ಸಿಕ್ತೋ, ನೀನು ಸಾಚಾ. ಆದ್ರೆ ಔಷಧಿಗೆ ಜಗ್ಗದ ಹುಳ ಸಾಕೋ ಕುದುರೆ ನನಗೆ ಬೇಡ, ಉಳಿದವಕ್ಕೂ ಅಂಟಿಸುತ್ತೆ. ಸಂಜೆಗೆ ಗುಂಡು.”

ಅಂದರೆ ಉಸ್ಸಪ್ಪ ಉಳಿಯಬೇಕಾದರೆ ಬೂದಿ ಸಾಯಬೇಕು, ಬೂದಿ ಉಳಿಯಬೇಕಾದರೆ ಉಸ್ಸಪ್ಪ ಕಳ್ಳನಾಗಬೇಕು.

ಸಾಕ್ಷಿಗೆ ನಿಂತವನು ಲಾಳ ಹೊಡೆಯುವವನು. ಬೂದಿ ಲದ್ದಿ ಹಾಕಿದ ಕೂಡಲೇ ಚೀಲಕ್ಕೆ ತುಂಬಿಸಿ, ಚೀಟಿಗೆ ಸಹಿ ಹಾಕಿ, ಬಾಯಿ ಕಟ್ಟಿದ.

“ಮಾವ, ಸುಮ್ಮನೆ ಡಾಕ್ಟರ ಕೈಗೆ ಕೊಟ್ಬಿಡು. ಅದಕ್ಕಿನ್ನೆಷ್ಟು ದಿನ ಆಯಸ್ಸು? ನಿನ್ನ ಮನೇಲಿ ಮೂರು ಹೊಟ್ಟೆ ಇದೆ.”

“ಅವಳದೂ ಹೊಟ್ಟೆನೇ ಕಣೋ.”

“ಅದರಲ್ಲಿರೋದು ಹುಳ!”

ಚೀಲ ಹಿಡಿದು ಆಫೀಸಿಗೆ ಹೊರಟ ಉಸ್ಸಪ್ಪನನ್ನು ಮೇವಿನ ಕೋಣೆಯ ಅಕ್ಕ ಬಾಗಿಲಲ್ಲೇ ತಡೆದಳು.

“ತಮ್ಮಾ, ನಿನಗೆ ಕೆಲಸ ಇನ್ನೊಂದು ಸಿಗಬಹುದು. ಅವಳಿಗೆ ಜೀವ ಇನ್ನೊಂದು ಸಿಗುತ್ತಾ? ಆ ಹೊಸ ಗಂಡುಕುದುರೆ ಇದೆಯಲ್ಲ...”

ಹೊಸ ಗಂಡುಕುದುರೆ ಹಡಗಿನಲ್ಲಿ ಬಂದಿತ್ತು, ಇಲ್ಲಿಯ ಹುಲ್ಲಿಗೆ ಇನ್ನೂ ಬಾಯಿಟ್ಟಿರಲಿಲ್ಲ. ಅದರ ಹೊಟ್ಟೆಯಲ್ಲಿ ಒಂದು ಹುಳುವೂ ಇಲ್ಲವೆಂದು ಅದರ ಕಾಗದಪತ್ರವೇ ಹೇಳುತ್ತಿತ್ತು. ಅದಕ್ಕೆ ಬೇರೆ ಕೊಟ್ಟಿಗೆ, ಬೇರೆ ಬಕೆಟ್ಟು, ಗೋಡೆಗೊಂದು ಫ್ಯಾನು. ಉಸ್ಸಪ್ಪನ ಕೋಣೆಗೆ ಫ್ಯಾನಿರಲಿಲ್ಲ.

ಉಸ್ಸಪ್ಪ ಅದರ ಹಿಂದೆ ಹೋಗಿ ಬೊಗಸೆಯೊಡ್ಡಿ ಕುಕ್ಕರಗಾಲಲ್ಲಿ ಕೂತ. ಕಚೇರಿಯ ಕಡತದಂತೆ ಅದರಿಂದ ಏನೂ ಕದಲಲಿಲ್ಲ. ಒಮ್ಮೆ ಬಾಲವೆತ್ತಿತು, ಉಸ್ಸಪ್ಪ ಕೈ ಚಾಚಿದ. ಬಂದದ್ದು ಬರೀ ಗಾಳಿ. ಇನ್ನೊಮ್ಮೆ ಎತ್ತಿತು, ಒದೆ ಬಂತು. ಅಕ್ಕ ಒಂದು ಬುಟ್ಟಿ ಹಸಿಹುಲ್ಲು ಮುಂದಿಟ್ಟಳು.

“ಕೊಡಪ್ಪ ದೊರೆ, ಕೊಡು. ನಿನ್ನಿಂದ ಕೇಳ್ತಿರೋದು ಇದೊಂದೇ.”

ಅರ್ಧ ಗಂಟೆಯ ಮೇಲೆ ದೊರೆ ದಯಪಾಲಿಸಿದ. ಬೂದಿಯದು ತಿಪ್ಪೆಗೆ ಹೋಯಿತು, ದೊರೆಯದು ಚೀಲಕ್ಕೆ. ತೊಡೆಯ ಮೇಲೆ ಗೊರಸಿನ ಗುರುತು ಹೊತ್ತು ಉಸ್ಸಪ್ಪ ಕುಂಟುತ್ತ ಆಫೀಸಿಗೆ ಹೋದ. ಲದ್ದಿಯನ್ನು ಮುಟ್ಟಿದ ಡಾಕ್ಟರು, “ಇನ್ನೂ ಬೆಚ್ಚಗಿದೆ, ಒಳ್ಳೇದು,” ಎಂದು ಉಪ್ಪುನೀರಲ್ಲಿ ಕದಡಿ, ಸೋಸಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು.

ಬಹಳ ಹೊತ್ತು ನೋಡಿದರು. ಗಾಜು ಬದಲಾಯಿಸಿ ಮತ್ತೆ ನೋಡಿದರು.

“ಸೊನ್ನೆ.”

“ನಾನು ಹೇಳಲಿಲ್ವಾ?” ಮ್ಯಾನೇಜರು ಮೇಜು ಕುಟ್ಟಿದರು. “ಔಷಧಿ ಅಪ್ಪಟ. ಇವನೇ ಕಳ್ಳ.”

ಉಸ್ಸಪ್ಪ ತಲೆ ತಗ್ಗಿಸಿದ. ಒಳಗೊಳಗೇ ಎದೆ ಹಗುರವಾಗಿತ್ತು. ಬೂದಿ ಬದುಕಿದಳು.

ಆದರೆ ಡಾಕ್ಟರ ಮುಖ ಸೋತುಹೋಗಿತ್ತು. “ಛೇ! ಎರಡು ವರ್ಷದಿಂದ ಈ ಔಷಧಿಗೆ ಸಾಯದ ಹುಳ ಹುಡುಕ್ತಿದ್ದೀನಿ. ಹೊಸ ಔಷಧಿ ಮಾಡೋಕೆ ನಮ್ಮ ಸಂಸ್ಥೆಗೆ ಅಂಥ ಹುಳ ಬೇಕು. ಸಿಕ್ಕಿದ್ರೆ ಕುದುರೆನ ಸಾಯೋತನಕ ಸಾಕ್ತಿದ್ವಿ. ಅದರ ಜೊತೆ ಪಳಗಿದ ಆಳಿಗೂ ಕೆಲಸ, ಕ್ವಾರ್ಟರ್ಸು.”

“ಮೊದಲೇ ಹೇಳಬಾರದಿತ್ತಾ ಸಾರ್!” ಉಸ್ಸಪ್ಪನ ದನಿ ಕೀರಲಾಯಿತು.

“ಹೇಳಿದ್ರೆ ಯಾರಾದ್ರೂ ಲದ್ದಿ ಬದಲಾಯಿಸಿಬಿಡ್ತಾರೆ ಅಂತ ಸುಮ್ಮನಿದ್ದೆ.”

“ನಾನೇ ಬದಲಾಯಿಸಿದ್ದು ಸಾರ್! ಅದು ಗಂಡುಕುದುರೇದು! ಬೂದಿ ಹೊಟ್ಟೆ ತುಂಬ ಹುಳ ಇದೆ, ನನ್ನಾಣೆ!”

ಮ್ಯಾನೇಜರು ನಕ್ಕರು. “ಕ್ವಾರ್ಟರ್ಸು ಅಂದ ಕೂಡ್ಲೇ ಹುಳ ಹುಟ್ಕೊಂಡ್ವು ನೋಡಿ.” ಬಾಗಿಲಲ್ಲಿದ್ದ ಲಾಳದವನತ್ತ ತಿರುಗಿದರು. “ಚೀಟಿ ಮೇಲಿರೋದು ನಿನ್ನ ಸಹಿ ತಾನೇ? ಲದ್ದಿ ಬೂದೀದು ತಾನೇ? ಯೋಚನೆ ಮಾಡಿ ಹೇಳು, ನಿನಗೂ ಗೇಟು ಅಲ್ಲೇ ಇದೆ.”

ಲಾಳದವನು ಉಸ್ಸಪ್ಪನ ಮುಖ ನೋಡಲಿಲ್ಲ. “ಬೂದೀದೇ ಸಾರ್.”

ಸಾಕ್ಷಿಯ ಮಾತನ್ನೇ ನಂಬಿ ಡಾಕ್ಟರು ವರದಿಗೆ ಸಹಿ ಹಾಕಿ, ಪೆಟ್ಟಿಗೆ ಮುಚ್ಚಿ, ಕಾರು ಹತ್ತಿದರು.

ಮ್ಯಾನೇಜರು ಕಿಟಕಿಯಿಂದ ಬೂದಿಯನ್ನು ಅಳೆಯುವಂತೆ ನೋಡಿದರು. “ಹುಳ ಇಲ್ಲ, ಆದ್ರೂ ಪಕ್ಕೆಲುಬು ಎಣಿಸಬಹುದು. ಹಾಗಾದ್ರೆ ಇದು ಮುಪ್ಪು. ಮುಪ್ಪಿಗೆ ಟ್ಯೂಬಿಲ್ಲ.” ಫೋನೆತ್ತಿದರು. “ರೋಗ ಇಲ್ಲ ಅಂತ ವರದಿನೂ ಇದೆ, ಮಾಂಸದವರು ಖುಷಿಯಾಗಿ ಒಯ್ತಾರೆ.”

ಲಾರಿ ಮಧ್ಯಾಹ್ನಕ್ಕೇ ಬಂತು. ಬೂದಿ ಹಲಗೆಯ ಮೇಲೆ ಕಾಲಿಡಲಿಲ್ಲ. ನಾಲ್ವರು ಎಳೆದರು, ಹಿಂದಿನಿಂದ ಬಾರಿಸಿದರು. ಅದು ನಾಲ್ಕು ಕಾಲೂರಿ ನಿಂತುಬಿಟ್ಟಿತು.

“ಏಯ್ ಉಸ್ಸಪ್ಪ!” ಗೇಟಿನಾಚೆ ಟ್ರಂಕು ಹೊತ್ತು ನಿಂತವನನ್ನು ಮ್ಯಾನೇಜರು ಕೂಗಿದರು. “ಬೇರೆಯವರ ಮಾತು ಕೇಳಲ್ಲ ಅದು. ಹತ್ತಿಸಿಬಿಟ್ಟು ಹೋಗು.”

ಅವನು ಹತ್ತಿಸದಿದ್ದರೆ ಬಾರುಕೋಲು ಹತ್ತಿಸುತ್ತದೆ. ಉಸ್ಸಪ್ಪ ಟ್ರಂಕಿಳಿಸಿ ಒಳಗೆ ಬಂದು, ಅದರ ಕಿವಿಯ ಹಿಂದೆ ಕೈಯಿಟ್ಟ. “ಬಾ ಮಗಳೇ.” ಬೂದಿ ಅವನ ಹೆಗಲಿಗೆ ಮೂಗು ಒತ್ತಿ, ಮೇಯಲು ಹೊರಟಂತೆ ಅವನ ಹಿಂದೆಯೇ ಹಲಗೆ ಹತ್ತಿತು. ಹತ್ತುತ್ತ ಬಾಲವೆತ್ತಿ, ಹಲಗೆಯ ತುಂಬ ಲದ್ದಿ ಹಾಕಿತು.

ಗ್ರಾಮಿಗೆ ಸಾವಿರದ ಇನ್ನೂರು. ಉಸ್ಸಪ್ಪನನ್ನು ಸಾಚಾ ಮಾಡುವಷ್ಟು, ಬೂದಿಯನ್ನು ಸಾಯುವವರೆಗೆ ಸಾಕುವಷ್ಟು ಸತ್ಯ ಬಿಸಿಬಿಸಿಯಾಗಿ ಹಬೆಯಾಡುತ್ತಿತ್ತು. ಉಸ್ಸಪ್ಪ ರಸ್ತೆಯತ್ತ ನೋಡಿದ. ಡಾಕ್ಟರ ಕಾರಿನ ಧೂಳೂ ಅಡಗಿತ್ತು.

“ನೋಡ್ತಾ ನಿಂತ್ಕೋಬೇಡ,” ಎಂದರು ಮ್ಯಾನೇಜರು ಸಲಿಕೆ ಎಸೆಯುತ್ತ. “ಹೋಗೋ ಮುಂಚೆ ಅದನ್ನೂ ಬಾಚು.”