ವಾಡೆಯಲ್ಲೊಂದು ಬಾಡಿಗೆಯ ಸಾವು

ಹಳೆಯ ಮನೆಯನ್ನು ಹೊರಗಿನವರು ಹೊಗಳತೊಡಗಿದರೆ ಮನೆಯವರ ತಲೆ ನಿಲ್ಲುವುದಿಲ್ಲ. ನನ್ನ ತಲೆಯಂತೂ ಮೊದಲೇ ಸಡಿಲು. ಎಂಬತ್ತರ ದಶಕದ ಗುಡಗೇರಿಯಲ್ಲಿ ಶೂಟಿಂಗ್ ಅನ್ನುವುದು ರೈಲು ವೇಳೆಗೆ ಸರಿಯಾಗಿ ಬಂದಷ್ಟೇ ಅಪರೂಪ. ಸಿನಿಮಾದವರು ನಮ್ಮ ಕಾಕಾನ ವಾಡೆಯ ಕೆತ್ತನೆಯ ಕಂಬಗಳನ್ನು ಸವರಿ ಸವರಿ ನೋಡಿ ಬಾಡಿಗೆಗೆ ಕೇಳಿದಾಗ, ಕಾಕಾ ಬೇಡ ಅನ್ನುವುದರೊಳಗೆ ನಾನು ಹೂಂ ಅಂದಾಗಿತ್ತು. ಮಕ್ಕಳಿಲ್ಲದ ಅವನಿಗೆ ನಾನೇ ಮಗ. ಮಗನ ಮಾತು ಮುರಿಯಲಿಲ್ಲ.

ಅವರಿಗೆ ಬೇಕಾಗಿದ್ದುದು ಯಜಮಾನ ಸತ್ತ ದೃಶ್ಯ. ಹೆಣವಾಗಬೇಕಾದ ನಟನನ್ನು ಪಡಸಾಲೆಯಲ್ಲಿ ಉದ್ದಕ್ಕೆ ಮಲಗಿಸಿದರು. ನಾನು ಸುಮ್ಮನಿರಬೇಕಿತ್ತು. ನಮ್ಮ ಮಂದಿಯಲ್ಲಿ ಹೆಣವನ್ನು ಕೂಡಿಸುತ್ತಾರೆ, ಮಲಗಿಸುವುದಿಲ್ಲ ಎಂದು ಪಾಂಡಿತ್ಯ ತೋರಿಸಿದೆ. ಗೋಡೆಗೆ ಆನಿಸಿ ಕೂಡಿಸಿ, ಮುಖದ ಗುರುತು ಸಿಗದಷ್ಟು ವಿಭೂತಿ ಬಳಿಸಿದೆ. ಅಷ್ಟಕ್ಕೂ ಬಿಡದೆ ಊರ ಭಜನಾ ಮೇಳವನ್ನೂ ಕರೆಸಿದೆ. ಕಾಕಾನಿಗೆ ಕೆಮ್ಮು, ಶೂಟಿಂಗ್ ಕೆಟ್ಟೀತೆಂದು ಅವನನ್ನು ಅಡಿಗೆಮನೆಯಲ್ಲಿ ಕೂಡ್ರಿಸಿ ಕದ ಮುಂದಕ್ಕೆ ಮಾಡಿದೆ. ಮುದುಕ ತನ್ನ ಮನೆಯಲ್ಲೇ ಬಾಯಿಗೆ ಟವೆಲ್ ಹಿಡಿದುಕೊಂಡು ಕೂತ.

ವಾಡೆಯಲ್ಲಿ ಬೆಳಗಿನಿಂದ ಭಜನೆ ಬಿಡುವಿಲ್ಲದೆ ನಡೆದರೆ ದಾರಿಹೋಕರು ತಿಳಿಯುವುದು ಒಂದೇ. ಹಾದುಹೋಗುತ್ತಿದ್ದ ಕಾಳಿನ ವ್ಯಾಪಾರಿಯೊಬ್ಬ ಒಳಗೆ ಇಣುಕುವ ಗೋಜಿಗೆ ಹೋಗದೆ, ಹುಬ್ಬಳ್ಳಿ ಪೇಟೆಯಲ್ಲಿ ಸಿಕ್ಕ ಮೊರಬದವರಿಗೆ ಸುದ್ದಿ ಮುಟ್ಟಿಸಿಬಿಟ್ಟ. ಮೊರಬದಲ್ಲಿ ಕಾಕಾನ ತಮ್ಮನಿದ್ದ, ನನ್ನ ಸಣ್ಣ ಕಾಕಾ. ಹೊಲ ಪಾಲಾದಾಗಿನಿಂದ ಅಣ್ಣ ತಮ್ಮಂದಿರಿಗೆ ಮಾತಿರಲಿಲ್ಲ.

ಇಳಿಹೊತ್ತಿಗೆ ಟ್ರ್ಯಾಕ್ಟರ್ ತುಂಬ ಮಂದಿ ಬಂದಿಳಿದರು. ಸಣ್ಣ ಕಾಕಾ ದೀಪ ನೋಡಲಿಲ್ಲ, ಕ್ಯಾಮೆರಾ ನೋಡಲಿಲ್ಲ. ನೆಟ್ಟಗೆ ಬಂದು ನಟನ ತೊಡೆಯ ಮೇಲೆ ತಲೆಯಿಟ್ಟು, ‘ಅಣ್ಣಾ, ಒಂದ ಮಾತ ಆಡದ ಹೋದ್ಯಲ್ಲೋ’ ಎಂದು ಅತ್ತ. ನಿಲ್ಲಿಸಬೇಡಿ ಎಂದು ನಿರ್ದೇಶಕರು ಕ್ಯಾಮೆರಾದವನಿಗೆ ಕೈಸನ್ನೆ ಮಾಡಿದರು. ನಾನೂ ಸುಮ್ಮನೆ ನಿಂತು ನೋಡಿದೆ. ನೆನೆದರೆ ಈಗಲೂ ಮೈ ಹಿಡಿಯಷ್ಟಾಗುತ್ತದೆ.

ತಮ್ಮನ ದನಿ ಕೇಳಿ ಕಾಕಾ ಕದ ತೆರೆದು ಹೊರಗೆ ಬಂದ. ಹೆಣ ಹೆದರಿ ಎದ್ದು ಬಾಜೂಕ್ಕೆ ಸರಿಯಿತು. ಮುದುಕರಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡರು. ಟ್ರ್ಯಾಕ್ಟರಿನ ಹೆಂಗಸರು ನೋಡಿದ ನೋಟಕ್ಕೆ ನಾನು ಕಂಬದ ಮರೆ ಹಿಡಿದೆ. ಎಲ್ಲರ ಚಹಾ ಮುಗಿದ ಮೇಲೆ ಕಾಕಾ ನನ್ನನ್ನು ಕರೆದ. ಬೈದಿದ್ದರೆ ಚೆನ್ನಾಗಿತ್ತು.

‘ಇಂವ ಸುಳ್ಳ ಹೆಣಕ್ಕ ಇಷ್ಟ ಅತ್ತಾನ. ನಾ ಖರೇನ ಸತ್ತ ದಿನ ನೀ ಅಳತೀಯೋ, ಪಡಸಾಲಿ ಬಾಡಿಗಿ ಕೊಡತೀಯೋ?’

ಹಿತ್ತಲಿನಲ್ಲಿ ಒಂದು ಮದುವೆಯ ದೃಶ್ಯ ತೆಗೆಯಬಹುದೆಂದು ಆಗಷ್ಟೇ ನಿರ್ದೇಶಕರಿಗೆ ಹೇಳಿ ಬಂದಿದ್ದೆ.