ಅತ್ತೆಯ ಬಿಪಿ ಇರುವ ಮನೆ

ನನ್ನ ಸೋದರತ್ತೆಯ ಬಿಪಿ ಅವಳ ಮೈಯಲ್ಲಿಲ್ಲ, ಪಕ್ಕದ ಮನೆಯಲ್ಲಿದೆ. ವಾರಗಿತ್ತಿ ಅಂತ ಅದರ ಹೆಸರು! ಚನ್ನಪಟ್ಟಣದ ಡಾಕ್ಟರು ಹೋದಾಗಲೆಲ್ಲ ಮಾತ್ರೆ ಬದಲಿಸುತ್ತಾರೆ. ಬದಲಿಸಬೇಕಾದ್ದು ಮಾತ್ರೆಯನ್ನಲ್ಲ, ಗೋಡೆಯಾಚೆಯವಳನ್ನು ಅಂತ ಅತ್ತೆಯ ವಾದ.

ಜಗಳದ ಕಾರಣ ಕೇಳಿದರೆ ನೀವು ನಗುತ್ತೀರಿ. ವಾರಗಿತ್ತಿ ಇವಳಿಗೆ ಹೇಳದೆ ಕಬ್ಬಾಳಮ್ಮನ ದರ್ಶನ ಮಾಡಿಬಂದಳಂತೆ. ಅಷ್ಟೇ! ಅವತ್ತಿನಿಂದ ಹೊಂಗನೂರಿನ ಆ ಎರಡು ಮನೆಗಳ ನಡುವೆ ಮಾತಿಲ್ಲ. ಅತ್ತೆಗೆ ನಿದ್ದೆ ಹತ್ತುವುದಿಲ್ಲ, ಮುದ್ದೆ ಸೇರುವುದಿಲ್ಲ.

"ನೀನೇ ಹೋಗಿ ಮಾತಾಡ್ಸು ಅತ್ತೆ," ಅಂದರೆ, "ನಾನ್ಯಾಕ್ಲಾ ಮಾತಾಡ್ಸ್ಲಿ? ಅವ್ಳಿಗೆ ಬಾಯಿಲ್ವಾ?" ಅನ್ನುತ್ತಾಳೆ.

"ಹಂಗಾದ್ರೆ ಅವ್ಳನ್ನ ಮರ್ತುಬುಡು."

"ಹೆಂಗ್ಲಾ ಮರೀಲಿ? ಅವ್ಳು ಒಗ್ಗರಣೆ ಹಾಕುದ್ರೆ ನಂಗೆ ಸೀನು ಬತ್ತದೆ."



ಇಬ್ಬರೂ ರೇಷ್ಮೆ ಹುಳು ಸಾಕುವವರು. ಹುಳು ಹಣ್ಣಾಗಿ ಗೂಡು ಕಟ್ಟಲು ಹೊರಟ ದಿನ ಒಬ್ಬರ ಕೈ ಸಾಲುವುದಿಲ್ಲ. ಬೇಗ ಬೇಗ ಆರಿಸಿ ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಸಿಕ್ಕಸಿಕ್ಕಲ್ಲೇ ಗೂಡು ಕಟ್ಟಿಬಿಡುತ್ತವೆ. ಅದಕ್ಕೇ ಮೊದಲೆಲ್ಲ ಒಬ್ಬಳು ಮರಿಹುಳು ತಂದು ನಾಲ್ಕಾರು ದಿನವಾದ ಮೇಲೆ ಇನ್ನೊಬ್ಬಳು ತರುತ್ತಿದ್ದಳು. ಇವಳ ಹುಳುವಿಗೆ ಅವಳು, ಅವಳ ಹುಳುವಿಗೆ ಇವಳು. ಈ ಸಲ ವಾರಗಿತ್ತಿ ಮರಿ ತಂದಳೆಂದು ಗೊತ್ತಾದದ್ದೇ ತಡ, ಅತ್ತೆ ನನ್ನ ಬೈಕ್ ಹತ್ತಿ ಹೋಗಿ ಅದೇ ದಿನ ತಂದಳು! "ಅವ್ಳ ಕೈ ನಂಗೇನ್ ಬೇಕಾಗಿಲ್ಲ ಕಣ್ಲಾ," ಅಂತ ದಾರಿಯುದ್ದಕ್ಕೂ ನನ್ನ ಬೆನ್ನಿಗೆ ಹೇಳಿದಳು.

ಹುಳುಗಳಿಗೆ ಈ ರಾಜಕೀಯ ಗೊತ್ತೇ? ಎರಡೂ ಮನೆಯಲ್ಲಿ ಒಂದೇ ಬೆಳಗ್ಗೆ ಹಣ್ಣಾದವು. ಬಿಡದಿಯ ಫ್ಯಾಕ್ಟರಿಗೆ ರಜೆ ಹಾಕಿ ಬಂದು ಕೂತವನು ನಾನು. ಅತ್ತೆ ಆರಿಸುತ್ತ ಬೈದಳು, ಬೈಯುತ್ತ ತಲೆಸುತ್ತು ಅಂದಳು, ತಲೆಸುತ್ತಿಗೂ ವಾರಗಿತ್ತಿಯನ್ನೇ ಬೈದಳು. ನನಗೆ ಸಾಕುಸಾಕಾಗಿತ್ತು.

ತುಂಬಿದ ಚಂದ್ರಿಕೆಯನ್ನು ಗೋಡೆಗೆ ಒರಗಿಸಲು ಅಂಗಳಕ್ಕೆ ಹೋದವಳು ಅಲ್ಲೇ ನಿಂತುಬಿಟ್ಟಳು. ಹೋಗಿ ನೋಡಿದೆ. ಮೋಟುಗೋಡೆಯಾಚೆ ತನ್ನ ಅಂಗಳದಲ್ಲಿ ವಾರಗಿತ್ತಿ ಖಾಲಿ ಚಂದ್ರಿಕೆಯ ಪಕ್ಕ ಒಬ್ಬಳೇ ತಲೆ ಹಿಡಿದು ಕೂತಿದ್ದಳು. ಹುಳುಗಳು ತಟ್ಟೆಯಿಂದಿಳಿದು ನೆಲದ ಮೇಲೆ ಹರಿದಾಡುತ್ತಿದ್ದವು.

ಅತ್ತೆ ಸೆರಗು ಸಿಕ್ಕಿಸಿಕೊಂಡು ಹೊರಟಳು.

"ಅತ್ತೆ, ನಮ್ಮ ಹುಳ?"

"ನಂಗೆ ನೀನಿದ್ದೀಯ. ಅವ್ಳಿಗೆ ಯಾರವ್ರೆ?"

ನಾನು ಗೊಣಗುತ್ತ ಆರಿಸತೊಡಗಿದೆ. ಸ್ವಲ್ಪ ಹೊತ್ತಿಗೆ ಆಚೆಯಿಂದ ಅತ್ತೆಯ ದನಿ ಕೇಳಿಸಿತು. ಅಷ್ಟು ಮೆತ್ತಗಿನ ದನಿ ಅವಳಿಗಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

"ನೀನು ಮಾತಾಡ್ದೆ ಇದ್ರೆ ನಂಗೆ ಬಾಳಾ ಸಂಕಟ ಆಯ್ತದೆ ಕಣೆ."

ನನ್ನ ಕಣ್ಣು ತುಂಬಿಬಂತು. ಕೈಯಲ್ಲಿದ್ದ ಹುಳುವನ್ನು ಎಲ್ಲಿ ಬಿಡಬೇಕೆಂದು ಕಾಣಿಸಲೇ ಇಲ್ಲ.